ಶೆಲ್ಫ್ ಮ್ಯಾಲಿಂದ ಹೊಡಿಯೋ ಬಿಲ್ಲಿಗೆ ಬಾಣದ ಗರಿ ಯಾವುದು ಹಚ್ಚಬೇಕ್ರಿ? ಟರ್ಕಿ ಕೋಳಿ ಗರಿನೋ, ಗರಿ ಬದಲಿ ಹಚ್ಚೋ ಪ್ಲಾಸ್ಟಿಕ್ ರೆಕ್ಕಿ ಅಂದ್ರ ‘ವೇನ್’ ಹಚ್ಚಲೋ?

ಕೆಲಗೇರಿ ದಂಡಿ, ಧಾರವಾಡ:

ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಬರದೇನಿ, ಪೂರ್ತಿ ಓದಿ ಹೇಳ್ರಿ. ನಮ್ಮ ಕಾಕಾನ ಮಗ ಅಮೆರಿಕಾದ ಮಿಶಿಗನ್‌ದಾಗ ಇರತಾನ, ನನಗ ತಮ್ಮ ಆಗಬೇಕು. ಅಲ್ಲಿ ಲೈಸೆನ್ಸ್ ತೊಗೊಂಡು ಬಿಲ್ಲಿನಿಂದ ಜಿಂಕಿ ಬ್ಯಾಟಿ ಆಡೋದು ಕಾನೂನು ಪ್ರಕಾರನ ಐತಿ, ಅಕ್ಟೋಬರ್ 1ಕ್ಕ ಸೀಸನ್ ಚಾಲೂ ಆಗತೈತಿ. ಇಷ್ಟ ದಿನ ಗಾಲಿ ಇರೋ ಕಾಂಪೌಂಡ್ ಬಿಲ್ಲು ಹಿಡೀತಿದ್ದ, ಈ ವರ್ಷ ತುದಿ ಮುಂದಕ್ಕ ಬಾಗಿದ ಕಟಗಿ ರಿಕರ್ವ್ ಬಿಲ್ಲು ತೊಗೊಂಡಾನ, 45 ಪೌಂಡಿಂದು, ಅಂದ್ರ ಎಳಿಯಾಕ ಅಷ್ಟು ಬಲ ಬೇಕು. ಬಾಣ ಇಡಾಕ ಬ್ಯಾರೆ ಹಚ್ಚೋ ರೆಸ್ಟ್ ಇಲ್ಲ, ಗುರಿ ನೋಡೋ ಸೈಟ್ ಇಲ್ಲ, ಹಿಡಿಕಿ ಮ್ಯಾಲಿನ ಶೆಲ್ಫಿಗೆ ಬಾಣ ಇಟ್ಟು ಹೊಡಿಯೋದು. ನಾ ಇಲ್ಲೆ ಹಿತ್ತಲದಾಗ ಏಳೆಂಟು ವರ್ಷದಿಂದ ಬಾಣ ಮಾಡಕೋತ ಬಂದೇನಿ, ಅವಗ ಗೊತ್ತೈತಿ. ಪಂಚಮಿಗೆ ಊರಿಗೆ ಬರತೇನಿ ಅಣ್ಣಾ, ಒಂದು ಡಜನ್ ಮಾಡಿ ಇಡು, ನಿನ್ನ ಕೈಯಾಗಿನ ಬಾಣನ ಒಯ್ಯತೇನಿ ಅಂತ ಫೋನ್ ಮಾಡಿದ್ದ.

ಈಗ ತ್ರಾಸು ಏನಂದ್ರ, ಕಾರ್ಬನ್ ಕಡ್ಡಿ ತಂದು ಮೊದಲ ಆರಕ್ಕ 2 ಇಂಚಿನ ಹಸರ ಪ್ಲಾಸ್ಟಿಕ್ ವೇನ್ ಹಚ್ಚಿ ನನ್ನ 40 ಪೌಂಡಿನ ಬಿಲ್ಲಿಲೆ ಶೆಲ್ಫ್ ಮ್ಯಾಲಿಂದನ ಹೊಡದು ನೋಡಿದೆ. 15 ಮೀಟರಿಗೆ ಬಾಣ ಹೋಗತೈತಿ ಖರೆ, ಆದ್ರ ಬಾಲ ಎಡಕ್ಕ ಒದ್ಕೊಂಡು ಹೋಗತೈತಿ, ದಪ್ಪ ಥರ್ಮಾಕೋಲ್ ಹಲಗಿಗೆ ನಟ್ಟಿದ್ದು ನೋಡಿದ್ರ ಆರಕ್ಕ ಆರೂ ವಾರಿ ನಿಂತಿದ್ವು. ಶೆಲ್ಫಿಗೆ ಹಚ್ಚಿದ ಚರ್ಮದ ತುಂಡು ಬೆಳಕಿಗೆ ಹಿಡದು ನೋಡಿದೆ, ಅದರ ಮ್ಯಾಲೆ ಕೂದಲಿನಷ್ಟು ಸಣ್ಣ ಹಸರ ಗೆರಿ ಮೂಡೈತಿ. ಅಂದ್ರ ವೇನ್ ಹೋಗೂ ಮುಂದ ಚರ್ಮಕ್ಕ ತಿಕ್ಕಿ ಹೋಗಾಕತ್ತೈತಿ.

ಹೊಲದಾಗ ಟಾರ್ಗೆಟ್ಟಿಗೆ ಹೊಡಿಯೋದಾದ್ರ ನಾ ಇಷ್ಟು ತಲಿ ಕೆಡಸಕೊಳ್ಳತಿರಲಿಲ್ಲ. ಅಲ್ಲಿ ಮುಂದ ಜೀವ ಇರೋ ಪ್ರಾಣಿ ನಿಂತಿರತೈತಿ, ಬಾಣ ವಾರಿ ಹೋದ್ರ ಅದಕ್ಕ ನರಳಾಟ. ಅದಕ್ಕ ಕೇಳಾಕತ್ತೇನಿ: ಗರಿ ಹಚ್ಚಲೋ, ವೇನ್ ಇರಲೋ? ಗರಿ ಆದ್ರ ಎಷ್ಟು ಉದ್ದ, ಎಲ್ಲಿ ಸಿಗತಾವ, ಯಾವ ಗೋಂದು ಹಿಡೀತೈತಿ?

ಉಣಕಲ್ ಸಂಜಿಮುಂದ, ಹುಬ್ಬಳ್ಳಿ:

ಸರ್, ಗರಿ ಮಾತು ಆಮ್ಯಾಲೆ. ಮೊದಲ ಕಡ್ಡಿ ಸರಿ ಐತೋ ಇಲ್ಲೋ ನೋಡ್ರಿ. ನಾ ಹುಡುಗರಿಗೆ ಬಿಲ್ಲು ಕಲಸತೇನಿ, ಹತ್ತರಾಗ ಏಳು ಮಂದಿ ಕಡ್ಡಿ ತಪ್ಪಿಗೆ ಗರಿನ್ನ ಬೈತಾರ. ಹೆದೆ ಬಿಟ್ಟಕೂಡ್ಲೆ ಬಾಣ ನೆಟ್ಟಗ ಹೊಂಡಂಗಿಲ್ಲ, ಬಿಲ್ಲಿನ ಹಿಡಿಕಿ ಸುತ್ತ ಮೀನಿನ ಗತೆ ಬಳಕಿ ಹೋಗತೈತಿ. ಕಡ್ಡಿ ಬಿಲ್ಲಿನ ಶಕ್ತಿಗಿಂತ ಬಿರಸು ಆದ್ರ ಸಾಕಷ್ಟು ಬಳಕಂಗಿಲ್ಲ, ಬಾಲ ಹಿಡಿಕಿಗೆ ಬಡದು ಎಡಕ್ಕ ಒದೀತೈತಿ, ಬಲಗೈಲೆ ಎಳಿಯೋರ ಮಾತು ಹೇಳಾಕತ್ತೇನಿ. ನೀವು ತಮ್ಮಗ ಅಂತ 45 ಪೌಂಡಿಗೆ ತಕ್ಕ ಕಡ್ಡಿ ತಂದು ನಿಮ್ಮ 40 ಪೌಂಡಿಲೆ ಹೊಡದೀರಿ, ಅಲ್ಲೇ ಅರ್ಧ ತಪ್ಪು ಇರಬಹುದು.

ಹಿಂಗ ಮಾಡ್ರಿ. ಎರಡು ಬಾಣದ್ದು ವೇನ್ ಪೂರಾ ಕಿತ್ತು ಬರೇ ಕಡ್ಡಿ 10 ಮೀಟರಿಗೆ ಹೊಡೀರಿ, ಗರಿ ಇದ್ದದ್ದನ್ನೂ ಜೋಡಿ ಹೊಡೀರಿ. ಬರೇ ಕಡ್ಡಿ ಎಡಕ್ಕ ಹೋಗಿ ನಟ್ರ ಬಿರಸು, ಬಲಕ್ಕ ಹೋದ್ರ ಮೆತ್ತಗ. ಬಿರಸು ಆದ್ರ ಮೊನೆ ತೂಕ ಹೆಚ್ಚ ಮಾಡ್ರಿ, ಕಡ್ಡಿ ಹೆಚ್ಚು ಬಳಕತೈತಿ. ಮತ್ತ ಮುಖಕ್ಕ ಹಚ್ಚೋ ಪೌಡರ್ ಇರತೈತಲ್ಲ, ಅದನ್ನ ವೇನ್ ಮ್ಯಾಲೆ ಉದುರಿಸಿ ಹೊಡದ್ರ ಎಲ್ಲಿ ತಾಗತೈತಿ ಅಂತ ಚೊಕ್ಕ ಕಾಣತೈತಿ.

ನನ್ನ ಮಾತು ಕೇಳಿದ್ರ ಶೆಲ್ಫ್ ಬಿಟ್ಟು ಒಂದು ಎತ್ತರದ ರೆಸ್ಟ್ ಹಚ್ಚಿಸ್ರಿ, ವೇನ್ ಆರಾಮ ದಾಟತೈತಿ. ವೇನ್ ಎಲ್ಲಾ ಒಂದ ಅಳತಿ, ಒಂದ ತೂಕ, ಮಳಿಗೆ ಅಂಜಂಗಿಲ್ಲ. ಗರಿ ನೋಡಾಕ ಚೆಂದ, ಬಾಳಿಕಿ ಇಲ್ಲ.

ಹೊಸ ಬಿಲ್ಲು, ವಿದ್ಯಾನಗರ ಹುಬ್ಬಳ್ಳಿ:

ಸರ್ ನಡು ಬಾಯಿ ಹಾಕತೇನಿ, ತಪ್ಪ ತಿಳೀಬ್ಯಾಡ್ರಿ. ನಾನು ಕಾಂಪೌಂಡ್ ಹೊಡೀತೇನಿ, 50 ಮೀಟರ್. ನಂದು ಪ್ಲಾಸ್ಟಿಕ್ ವೇನ್ ಐತಿ. ಈ ಚರ್ಚೆ ಓದಿ ನಾನೂ ಗರಿಗೆ ಬದಲಾಸಬೇಕೇನು ಅಂತ ಅನಿಸೈತಿ.

ಉಣಕಲ್ ಸಂಜಿಮುಂದ, ಹುಬ್ಬಳ್ಳಿ:

ಬ್ಯಾಡವಾ ತಂಗಿ. ನಿಂದು ಬೆರಳ ಬದಲಿ ರಿಲೀಸ್ ಅನ್ನೋ ಕೊಕ್ಕಿಲೆ ಹೆದೆ ಹಿಡದು ಬಿಡೋ ಬಿಲ್ಲು, ರೆಸ್ಟ್ ಕೆಳಗ ಬಿದ್ದು ಬಾಣಕ್ಕ ದಾರಿ ಬಿಡತೈತಿ, ವೇನ್ ಯಾವುದಕ್ಕೂ ತಾಗಂಗಿಲ್ಲ. 50 ಮೀಟರಿಗೆ ಗರಿ ಹಚ್ಚಿದ್ರ ಗಾಳಿ ಹಿಡದು ವೇಗ ಕಳಕೋತೈತಿ. ಒಲಿಂಪಿಕ್ ರಿಕರ್ವ್ ನವರು 70 ಮೀಟರಿಗೆ ಸುರಳಿ ಸುತ್ತಿದ ತೆಳು ಮೈಲಾರ್ (ಪ್ಲಾಸ್ಟಿಕ್ ಹಾಳಿ) ವೇನ್ ಹಚ್ಚತಾರಲ್ಲ, ಅದೂ ಇದ ಕಾರಣಕ್ಕ, ಹಗರ ಇರತೈತಿ, ಬಾಣ ಜಲ್ದಿ ತಿರುಗತೈತಿ. ನೀ ದೊಡ್ಡ ಗರಿ ನೆನಸೋದು 18 ಮೀಟರ್ ಇಂಡೋರ್ ಆಡೂ ಮುಂದ, ಅಲ್ಲಿ ದಪ್ಪ ಕಡ್ಡಿಗೆ ಗರಿ ಹಚ್ಚೋರು ಅದಾರ, ಕಡ್ಡಿ ದಪ್ಪ 9.3 ಮಿಲಿಮೀಟರ್ ದಾಟಬಾರದು ಅಂತ ವಿಶ್ವ ಆರ್ಚರಿ ನಿಯಮ. ಒಂದು ಮಾತ್ರ ನೆನಪ ಇಡು, ಬ್ಯಾಸಿಗ್ಯಾಗ ಬಾಣದ ಪೆಟಗಿ ಕಾರಿನ್ಯಾಗ ಬಿಡಬ್ಯಾಡ, ಏಪ್ರಿಲ್ ಬಿಸಲಿಗೆ ವೇನ್ ಹಪ್ಪಳದ ಗತೆ ಸೊಟ್ಟಗಾಗತಾವ.

ನವಲಗುಂದದಾಂವ, ಈಗ ಮಿಶಿಗನ್:

ಕೆಲಗೇರಿ ಅಣ್ಣಾರ, ನಮಸ್ಕಾರ. ನಾನೂ ಇಲ್ಲೇ ಮಿಶಿಗನ್‌ದಾಗ ಅದೇನಿ, ಒಂಬತ್ತು ಸೀಸನ್ ಬಿಲ್ಲಿನಿಂದ ಬ್ಯಾಟಿ ಆಡೇನಿ, ಅದರಾಗ ಕಡೀ ನಾಕು ಸೀಸನ್ ಶೆಲ್ಫ್ ಮ್ಯಾಲಿಂದ ಹೊಡಿಯೋ ಬಿಲ್ಲಿಲೆ. ಉಣಕಲ್ ಸರ್ ಕಡ್ಡಿ ಬಗ್ಗೆ ಹೇಳಿದ್ದು ನೂರಕ್ಕ ನೂರು ಖರೆ, ಅದನ್ನ ಮೊದಲ ಮಾಡ್ರಿ. ಆದ್ರ ಗರಿ ಬರೇ ಚೆಂದಕ್ಕ ಅನ್ನೋ ಮಾತು ನಾ ಒಪ್ಪಂಗಿಲ್ರಿ ಸರ್. ಶೆಲ್ಫ್ ಬಿಲ್ಲಿಗೆ ಗರಿನ ಬೇಕು. ಯಾಕಂದ್ರ ಪಕ್ಷಿ ಗರಿ ಶೆಲ್ಫಿಗೆ ತಾಗಿದ್ರ ಮಲಕೊಂಡು ದಾಟತೈತಿ, ದಾಟಿದ ಕ್ಷಣ ಮತ್ತ ಎದ್ದ ನಿಂದರತೈತಿ. ಪ್ಲಾಸ್ಟಿಕ್ ಮಲಗಂಗಿಲ್ಲ, ಬಾಣನ್ನ ಎತ್ತಿ ಒಗೀತೈತಿ. ರೆಸ್ಟ್ ಹಚ್ಚು ಅಂದ್ರ ಹುಡುಗ ಯಾಕ ಆ ಬಿಲ್ಲು ತೊಗೊಂಡಾನ ಅನ್ನೋದ ಹೋಗಿಬಿಡತೈತಿ, ಅವನ ಬೆರಳಿಗೆ ಹತ್ತಿರ ಬಾಣ ಇರಬೇಕು, ತೋರಿಸಿದಲ್ಲಿ ಹೋಗಬೇಕು, ಅದಕ್ಕ ಶೆಲ್ಫ್.

ಇನ್ನೊಂದು, ಬ್ಯಾಟಿ ಬಾಣಕ್ಕೂ ಟಾರ್ಗೆಟ್ ಬಾಣಕ್ಕೂ ಇರೋ ಫರಕು ಮುಂದಿನ ತುದಿಯಾಗ ಐತಿ. ಟಾರ್ಗೆಟ್ ಮೊನೆ ಗುಂಡಗ, ಗಾಳಿ ಅದನ್ನ ಹಿಡಿಯಂಗಿಲ್ಲ. ಬ್ರಾಡ್‌ಹೆಡ್ ಅಂದ್ರ ಅಗಲ ಬ್ಲೇಡು, ಅದು ಬಾಣದ ಮೂಗಿಗೆ ರೆಕ್ಕಿ ಕಟ್ಟಿದಂಗ. ಬಾಣ ಚೂರ ವಾರಿ ಹೊಂಟ್ರೂ ಆ ಬ್ಲೇಡು ಗಾಳಿ ಹಿಡದು ತನ್ನ ಕಡೆ ಎಳೀತೈತಿ. ಹಿಂದಿನ ಗರಿ ಅದಕ್ಕಿಂತ ಜೋರ ಎಳೀಬೇಕು, ಇಲ್ಲಂದ್ರ ಮೂಗ ದಾರಿ ತೋರಸತೈತಿ. ಅದಕ್ಕ ಫಿಕ್ಸ್ ಬ್ಲೇಡಿನ, ಅಂದ್ರ ಬ್ಲೇಡು ಮಡಚದಂಗ ಗಟ್ಟಿ ಕುಂತಿರೋ ಬ್ರಾಡ್‌ಹೆಡ್ಡಿಗೆ 2 ಇಂಚಿನ ಸಣ್ಣ ಗರಿ ಸಾಲಂಗಿಲ್ಲ. 5 ಇಂಚು ಮೂರು ಗರಿ, ಇಲ್ಲಾ 4 ಇಂಚು ನಾಕು ಗರಿ, ಸುತ್ತು ಕೊಟ್ಟು, ಅಂದ್ರ ಕಡ್ಡಿ ಮ್ಯಾಲೆ ಚೂರ ಓರೆ ತಿರುವಿ, ಹಚ್ಚಬೇಕು. ಗರಿ ಮೈ ಒರಟು, ಗಾಳಿ ಹಿಡೀತೈತಿ, ಬಾಲನ್ನ ಬ್ರೇಕ್ ಹಾಕಿದಂಗ ಹಿಂದಕ್ಕ ಜಗ್ಗತೈತಿ, ಬಾಣ ಏಳೆಂಟು ಹೆಜ್ಜಿಯೊಳಗ ನೆಟ್ಟಗಾಗಿಬಿಡತೈತಿ. ದೂರಕ್ಕ ಹೊಡಿಯೋರಿಗೆ ಅದು ನುಕ್ಸಾನ, ಆದ್ರ ನಾವು ಈ ಬಿಲ್ಲಿಲೆ 20 ಗಜದಾಚೆ ಹೊಡಿಯೋದ ಇಲ್ಲ. ಹೊಡೀಬಾರದು ಕೂಡ.

ಬಾಣ ವಾರಿ ಹೋದ್ರ ಏನಾಗತೈತಿ ಅನ್ನೋದನ್ನ ನಾ ಕಣ್ಣಾರೆ ನೋಡೇನಿ. ಎರಡನೇ ಸೀಸನ್ನಿನ್ಯಾಗ ನಾ ಸರಿಯಾಗಿ ಟ್ಯೂನ್ ಮಾಡದ ಬಾಣ ಬಿಟ್ಟೆ, ಸೊಟ್ಟ ಬಡದು ಅರ್ಧಕ್ಕ ನಿಂತ್ತು, ಒಳಗ ತೂರಲಿಲ್ಲ. ಜಿಂಕಿ ಓಡಿ ಹೋತು. ರಾತ್ರಿ ಹನ್ನೊಂದರ ತನಕ ಟಾರ್ಚ್ ಹಿಡಕೊಂಡು ಹುಡುಕಿ, ಮರುದಿನ ನಸುಕಿನ್ಯಾಗ ಮತ್ತ ಹುಡುಕಿ ಸಿಕ್ತು. ಆ ರಾತ್ರಿ ನನಗ ನಿದ್ದಿ ಬರಲಿಲ್ಲ. ಅವತ್ತಿನಿಂದ ಒಂದೊಂದು ಬಾಣನೂ ಬ್ರಾಡ್‌ಹೆಡ್ ಹಾಕಿ ಹೊಡದು ನೋಡದ ಬತ್ತಳಿಕೆಗೆ ಹಾಕಂಗಿಲ್ಲ.

ಬಣ್ಣ ಬಿಳೀದು ಇಲ್ಲಾ ಹಳದಿ ತೊಗೋರಿ. ಬಾಣ ಎಲ್ಲಿ ಬಡೀತು ಅಂತ ಕಾಣತೈತಿ, ಮತ್ತ ಆರ್‌ಪಾರ್ ಹೋದ ಬಾಣ ಸಿಕ್ಕಾಗ ಬಿಳೇ ಗರಿ ಮ್ಯಾಲಿನ ರಕ್ತ ಓದಾಕ ಬರತೈತಿ. ನೊರಿ ನೊರಿ ತಿಳಿಗೆಂಪು ಇದ್ರ ಪುಪ್ಪಸಕ್ಕ ಬಡದೈತಿ, ಜಿಂಕಿ ಹತ್ತಿರನ ಬಿದ್ದಿರತೈತಿ. ಹಸರಗಂದು ಬಣ್ಣ, ಹೊಲಸು ವಾಸನಿ ಇದ್ರ ಹೊಟ್ಟಿಗೆ ಬಡದೈತಿ, ಆವಾಗ ಬೆನ್ನಟ್ಟಬಾರದು, ತಾಸುಗಟ್ಟಲೆ ಕಾಯಬೇಕು, ಇಲ್ಲಂದ್ರ ಅದು ಎದ್ದು ಮೈಲುಗಟ್ಟಲೆ ಹೋಗತೈತಿ.

ಸವಣೂರ ಎಲಿ:

ಅಣ್ಣಾರ ಟರ್ಕಿ ಗರಿ ತರಸೋದು ತುಟ್ಟಿ. ನಮ್ಮ ಹೊಲದಾಗ ನವಿಲ ಗರಿ ಭಾಳ ಉದರಿರತಾವ, ದೊಡ್ಡವು ಅದಾವ, ಅವನ್ನ ಕತ್ತರಿಸಿ ಹಚ್ಚಾಕ ಬರಂಗಿಲ್ಲೇನು? ಮಾಗಡಿ ಕೆರಿ ದಂಡಿಮ್ಯಾಲೂ ಬಾತಿನ ಗರಿ ಬಿದ್ದಿರತಾವಂತ.

ಏಲಕ್ಕಿ ಮಾಲಿ, ಹಾವೇರಿ:

ಸವಣೂರ ತಮ್ಮಾ, ಇದನ್ನ ಓದಿ ಸುಮ್ನ ಕೂಡಾಕ ಆಗಲಿಲ್ಲ. ನಾ ಪಕ್ಷಿ ನೋಡೋ ಹುಚ್ಚಿನಾಂವ, ಬಂಕಾಪುರ ಕೋಟಿಯೊಳಗಿನ ನವಿಲುಧಾಮಕ್ಕ ತಿಂಗಳಿಗೊಮ್ಮೆ ಹೋಗತೇನಿ.

ನವಿಲಿನ ಬಾಲದ ಗರಿ ಕೆಲಸಕ್ಕ ಬರಂಗಿಲ್ಲ, ಅದು ಮೊದಲಿನ ಮಾತು. ಗಟ್ಟಿ ಹಾರೋ ರೆಕ್ಕಿ ಗರಿ ನೋಡು, ಅದರ ಎಳಿಗೆ ಎಳಿ ಸಣ್ಣ ಕೊಕ್ಕಿಲೆ ಹಿಡಕೊಂಡಿರತೈತಿ, ಬಿಡಿಸಿ ಬೆರಳಿಲೆ ಸವರಿದ್ರ ಮತ್ತ ಕೂಡಿಕೊಳ್ಳತೈತಿ. ನವಿಲಿನ ಕಣ್ಣಿನ ಗರಿಯಾಗ ಎಳಿ ಬಿಡಿಬಿಡಿ, ಗಾಳಿ ಹಿಡಿಯೋ ಶಕ್ತಿ ಇಲ್ಲ. ಎರಡನೇದು, ನವಿಲು ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿನ್ಯಾಗ, ಅಂದ್ರ ಎಲ್ಲಾದಕ್ಕಿಂತ ಕಟ್ಟುನಿಟ್ಟು ರಕ್ಷಣೆ ಇರೋ ಪಟ್ಟಿಯಾಗ ಐತಿ. ಅದರ ರೆಕ್ಕಿ ಗರಿ ಸಲುವಾಗಿ ಒಬ್ಬರು ಕೈ ಹಚ್ಚಿದ್ರ ಹತ್ತು ಮಂದಿ ಕೈ ಹಚ್ಚತಾರ. ಮಾಗಡಿ ಕೆರಿಗೆ ಚಳಿಗಾಲದಾಗ ಬರೋ ಪಟ್ಟಿತಲಿ ಹೆಬ್ಬಾತು ಹಿಮಾಲಯ ದಾಟಿ ಬರತಾವ, 2024ರಾಗ ಆ ಕೆರಿಗೆ ರಾಮ್ಸಾರ್ ಅನ್ನೋ ಅಂತಾರಾಷ್ಟ್ರೀಯ ಜೌಗುಭೂಮಿ ಮಾನ್ಯತೆ ಸಿಕ್ಕೈತಿ. ಅಲ್ಲಿ ಗರಿ ಆರಸಾಕ ಹೋದ್ರೂ ಹಕ್ಕಿ ಬೆದರಿ ಎದ್ದು ಹೋಗತಾವ. ಹೋಗಬ್ಯಾಡ್ರಿ.

ಮತ್ತ ಈ ಚರ್ಚೆ ಓದೋ ಹುಡುಗರಿಗೆ ಒಂದು ಮಾತು. ಮಿಶಿಗನ್ ಕಾನೂನು ಮಿಶಿಗನ್ನಿಗೆ. ನಮ್ಮಲ್ಲಿ ಬಿಲ್ಲು ಹಿಡಕೊಂಡು ರಾಣೆಬೆನ್ನೂರ ಕಡೆ ಕೃಷ್ಣಮೃಗದ ಹಿಂದ ಹೋದ್ರೂ, ಕಪ್ಪತಗುಡ್ಡದಾಗ ಮೊಲದ ಹಿಂದ ಹೋದ್ರೂ ಅದು ಅಪರಾಧ, ಜೈಲು. ನಮ್ಮ ಜಿಲ್ಲೆಯಾಗ ಆ ಕೃಷ್ಣಮೃಗ ಉಳದದ್ದ ಅಭಯಾರಣ್ಯ ಮಾಡಿದ ಮ್ಯಾಲೆ, ನಮ್ಮ ಹಿರ್ಯಾರು ಅವು ಎಷ್ಟು ಕಮ್ಮಿ ಆಗಿದ್ವು ಅಂತ ಹೇಳತಿದ್ರು.

ನವಲಗುಂದದಾಂವ, ಈಗ ಮಿಶಿಗನ್:

ಏಲಕ್ಕಿ ಅಣ್ಣಾರು ಸರಿಯಾಗಿ ಹೇಳಿದ್ರಿ. ಇಲ್ಲೂ ಹಂಗನ ಐತಿ. 1918ರ ವಲಸೆ ಪಕ್ಷಿ ಕಾಯ್ದೆ ಅಂತ ಐತಿ, ಗಿಡಗ, ಗೂಬಿ, ಕೊಕ್ಕರಿ ಇವುಗಳ ಗರಿ ರಸ್ತೆದಾಗ ಬಿದ್ದದ್ದು ಸಿಕ್ರೂ ಮನಿಗೆ ತರಂಗಿಲ್ಲ. ಹದ್ದಿಗೆ ಬ್ಯಾರೆ ಕಾಯ್ದೆನ ಐತಿ. ಇಲ್ಲಿ ಬಾಣ ಮಾಡೋರು ಟರ್ಕಿ ಗರಿಗೆ ಕಚ್ಚಿಕೊಂಡಿರೋದಕ್ಕ ಇದೂ ಒಂದು ಕಾರಣ, ಸಾಕಿದ ಹಕ್ಕಿ, ರೆಕ್ಕಿ ಗರಿ ಉದ್ದ, ದಿಂಡು ಗಟ್ಟಿ, ತೊಂದ್ರಿ ಇಲ್ಲ.

ಗದಗ ಕಡೇದಾಂವ:

ತಡ ಆತು, ಹೆಸರ ಬಿಡಸೋ ಸುಗ್ಗಿ. ನಾ ಬಿದರ ಬಾಣ ಮಾಡತೇನಿ, ಸಣ್ಣಾಂವ ಇದ್ದಾಗಿಂದ ಊರಾಗಿನ ವೀರಗಲ್ಲಿನ್ಯಾಗ ಬಿಲ್ಲು ಹಿಡದ ಯೋಧರನ್ನ ನೋಡಕೋತ ಬೆಳದಾಂವ. ಗರಿ ಬಗ್ಗೆ ನನ್ನ ಅನುಭವ ಹೇಳತೇನಿ.

ನಮ್ಮ ಕಡೆ ಟರ್ಕಿ ಕೋಳಿ ಸಾಕೋರು ಅಲ್ಲಲ್ಲಿ ಅದಾರ, ಮನಿ ಕಾಯಾಕ ಬಿಳೇ ಹೆಬ್ಬಾತು ಸಾಕಿದವರೂ ಅದಾರ. ಅವರಿಗೆ ಹೇಳಿ ಇಟ್ರ ಉದರಿದ ರೆಕ್ಕಿ ಗರಿ ಡಬ್ಬಿಗೆ ಹಾಕಿ ಇಡತಾರ. ಎಲ್ಲಾ ಗರಿ ನಡಿಯಂಗಿಲ್ಲ, ರೆಕ್ಕಿ ತುದಿಗೆ ಇರೋ ಗಟ್ಟಿ ಗರಿ ಅಷ್ಟ. ಇಂಗ್ಲೆಂಡಿನ ಐದನೇ ಹೆನ್ರಿ ರಾಜ 1417ರಾಗ ಬಾಣದ ಸಲುವಾಗಿ ಒಂದೊಂದು ಹೆಬ್ಬಾತಿನಿಂದ ಆರಾರು ಗರಿ ಕೊಡ್ರಿ ಅಂತ ಹುಕುಂ ಮಾಡಿದ್ನಂತ, ಗರಿ ಆರಸಾಕ ಕುಂತಾಗ ನನಗ ಆ ಲೆಕ್ಕ ಖರೆ ಅನಿಸತೈತಿ, ಒಂದು ಹಕ್ಕಿಗೆ ಚಲೋ ಗರಿ ಸಿಗೋದ ಅಷ್ಟು. ನಿಮಗ 12 ಬಾಣಕ್ಕ 36 ಗರಿ ಬೇಕು. ಅದೂ ಎಲ್ಲಾ ಒಂದ ಕಡೆ ರೆಕ್ಕಿವು. ಎಡ ರೆಕ್ಕಿ ಗರಿ ಒಂದು ಕಡೆ ಬಾಗಿರತಾವ, ಬಲ ರೆಕ್ಕಿವು ಇನ್ನೊಂದು ಕಡೆ. ಹಿಂದಿಂದ ನೋಡಿದ್ರ ಎಡದವು ಬಾಣನ್ನ ಎಡಕ್ಕ ತಿರುವತಾವ, ಬಲದವು ಬಲಕ್ಕ. ಒಂದ ಬಾಣದಾಗ ಎರಡೂ ಕೂಡಿಸಿದ್ರ ಒಂದು ತಿರುವತೈತಿ ಇನ್ನೊಂದು ತಡೀತೈತಿ, ಬಾಣ ಹುಚ್ಚ ಹಿಡದಂಗ ಹೋಗತೈತಿ. ಎಡ ಚಲೋನೋ ಬಲ ಚಲೋನೋ ಅಂತ ಜಗಳ ಆಡೋರು ಅದಾರ, ನನಗಂತೂ ಫರಕು ಕಂಡಿಲ್ಲ. ನಾ ಎರಡು ಡಬ್ಬಿ ಇಟ್ಟೇನಿ, ಒಂದಕ್ಕ ಕೆಂಪ ದಾರ ಕಟ್ಟೇನಿ ಅದು ಎಡದ್ದು.

ಸೀಳೋದು ಹಿಂಗ. ಗರಿ ನಡುವಿನ ದಿಂಡಿಗೆ ಹೊಸಾ ಬ್ಲೇಡು ಇಟ್ಟು ತುದಿಯಿಂದ ಬುಡದ ಕಡೆ ಸಾವಕಾಶ ಸೀಳಬೇಕು, ಒಳಗ ಬಿಳೇ ಬೆಂಡು ಕಾಣತೈತಿ. ಅಗಲ ಇದ್ದ ಕಡೇದು ಇಟ್ಕೋರಿ, ಸಣ್ಣ ಕಡೇದು ಒಗೀರಿ. ಎರಡು ಕಬ್ಬಿಣ ಪಟ್ಟಿ ನಡುವ ಹಿಡದು, ದಿಂಡು ಮಾತ್ರ ಹೊರಗ ಬಿಟ್ಟು ಪಾಲಿಶ್ ಪೇಪರಿಗೆ ತಿಕ್ಕಬೇಕು, ಬೆಂಡು ಎಲ್ಲಾ ಹೋಗಿ ದಿಂಡು ಉಗುರಿನಷ್ಟು ತೆಳ್ಳಗ ಆಗಿ ಕಡ್ಡಿ ಮ್ಯಾಲೆ ತಾನ ಕೂಡುವಂಗ. ಇಲ್ಲೆ ಅವಸರ ಮಾಡಿದ್ರ ಗೋಂದು ಎಂಥಾದ್ದ ಹಚ್ರಿ ಹಿಡಿಯಂಗಿಲ್ಲ. ಆಮ್ಯಾಲೆ ರಟ್ಟಿನ ಅಚ್ಚು ಇಟ್ಟು ಕತ್ರಿಲೆ ಆಕಾರ ಕೊಡೋದು.

ಗೋಂದು, ಕಾರ್ಬನ್ ಕಡ್ಡಿ ಅಂದ್ರಿ, ಮೊದಲ ಸ್ಪಿರಿಟ್ ಬಟ್ಟಿಲೆ ಒರಸ್ರಿ, ಒರಸಿದ ಮ್ಯಾಲೆ ಬೆರಳು ತಾಗಸಬ್ಯಾಡ್ರಿ, ಕೈಯಾಗಿನ ಎಣ್ಣಿನ ಸಾಕು ಗರಿ ಎದ್ದ ಬರಾಕ. ಫೆವಿಕ್ವಿಕ್ ಸಾಕು, ತೆಳ್ಳಗ ಒಂದು ಗೆರಿ.

ಮತ್ತ ಇದನ್ನ ಮರೀಬ್ಯಾಡ್ರಿ. ಗರಿಯ ಮುಂದಿನ ತುದಿ, ಅಂದ್ರ ಮೊನೆ ಕಡೇದು, ದಿಂಡು ಇಳಿಜಾರು ಮಾಡಿ ತಿಕ್ಕಿ ಅದರ ಮ್ಯಾಲೆ ರೇಷ್ಮಿ ದಾರ ಎಂಟ್ಹತ್ತು ಸುತ್ತು ಸುತ್ತಿ ಒಂದು ಹನಿ ಗೋಂದು ಬಿಡ್ರಿ. ಆ ತುದಿ ಚೂರ ಎದ್ದಿದ್ರ ಬಾಣ ಬಿಟ್ಟಾಗ ಹೆಬ್ಬೆಟ್ಟು ಬುಡಕ್ಕ ಸೂಜಿ ಚುಚ್ಚಿದಂಗ ಹೋಗತೈತಿ. ನನ್ನ ಎಡಗೈಯಾಗ ಇನ್ನೂ ಕಲೆ ಐತಿ, ಗರಿ ದಿಂಡಿನ ಚೂರು ಒಳಗ ಮುರಕೊಂಡು ಡಾಕ್ಟರ್ ಕಡೆ ಹೋಗಿ ಕುಯ್ಸಿ ತಗಸಬೇಕಾತು.

ಇಡೋದು ಡಬ್ಬಿದಾಗ ಡಾಂಬರ ಗುಳಿಗಿ ಹಾಕಿ ಇಡ್ರಿ, ನುಸಿ ತಿಂದು ಹಾಕತೈತಿ.

ಕೆಲಗೇರಿ ದಂಡಿ, ಧಾರವಾಡ:

ಎಲ್ಲಾರಿಗೂ ಭಾಳ ಉಪಕಾರ ಆತು. ಹನ್ನೆರಡು ದಿನ ಆತು ಬರೀದ, ಈ ಹನ್ನೆರಡು ದಿನ ಇದ ಕೆಲಸ ಮಾಡೇನಿ. ವರದಿ ಒಪ್ಪಸತೇನಿ.

ಉಣಕಲ್ ಸರ್ ಹೇಳಿದಂಗ ಬರೇ ಕಡ್ಡಿ ಹೊಡದೆ. 10 ಮೀಟರಿಗೆ ಗರಿ ಇದ್ದದ್ದಕ್ಕಿಂತ ಒಂದು ಗೇಣು ಎಡಕ್ಕ ನಡತು, ಅಂದ್ರ ನನ್ನ ಬಿಲ್ಲಿಗೆ ಕಡ್ಡಿ ಬಿರಸು ಇತ್ತು, ನಿಮ್ಮ ಮಾತು ಖರೆ. 125 ಗ್ರೇನ್ (ಬಾಣದ ತೂಕದ ಅಳತಿ, ಒಂದು ಗ್ರಾಂಗೆ ಸುಮಾರು 15) ಮೊನೆ ತಗದು 150 ಹಾಕಿದೆ, ನಾಕು ಬೆರಳಿಗೆ ಬಂತು. 175 ಹಾಕಿದ ಮ್ಯಾಲೆ ಎರಡೂ ಜೋಡಿ ನಡಾಕತ್ವು. ಕಡ್ಡಿ ಸರಿ ಆತು. ಈಗ ಅದ ಕಡ್ಡಿಗೆ, ಅದ ಮೊನೆಗೆ ವೇನ್ ಹಚ್ಚಿ ಪೌಡರ್ ಹಾಕಿ ಹೊಡದೆ. ಒದಿಯೋದು ಕಮ್ಮಿ ಆತು, ಹೋಗಲಿಲ್ಲ. ಕೆಳಗಿನ ವೇನಿನ ಅಂಚಿನ ಪೌಡರ್ ಒರಸಿ ಹೋಗಿತ್ತು, ಶೆಲ್ಫ್ ಮ್ಯಾಲೆ ಬಿಳೇ ಗೆರಿ ಬಂದಿತ್ತು. ಆಮ್ಯಾಲೆ ಗದಗಿನ ಅಣ್ಣಾರು ಪಾರ್ಸಲ್ ಕಳಸಿದ ಬಾತಿನ ಗರಿ, ಎಲ್ಲಾ ಎಡ ರೆಕ್ಕಿವು, 5 ಇಂಚಿಗೆ ಕತ್ತರಿಸಿ ಮೂರು ಬಾಣಕ್ಕ ಹಚ್ಚಿ ಹೊಡದೆ. ಪೌಡರ್ ಅದರದ್ದೂ ಒರಸಿ ಹೋತು, ಅಂದ್ರ ಗರಿನೂ ತಾಗಾಕತ್ತೈತಿ, ಆದ್ರ ಬಾಣ ನೆಟ್ಟಗ ಹೋಗಿ ಸಲಾಕಿ ಹೊಡದಂಗ ನಿಂತ್ತು. ಮೂರಕ್ಕ ಮೂರೂ. ನಾ ಹಲಗಿ ಮುಂದ ಕುಂತು ಭಾಳ ಹೊತ್ತು ನೋಡಿದೆ.

ತೂಕದ ಸುದ್ದಿ. ನಮ್ಮ ಓಣಿ ಅಕ್ಕಸಾಲಿಗರ ಅಂಗಡ್ಯಾಗ ತಕ್ಕಡಿ ಮ್ಯಾಲೆ ಇಟ್ಟು ನೋಡಿದೆ. 2 ಇಂಚಿನ ಮೂರು ವೇನ್ 1.17 ಗ್ರಾಂ, ಅಂದ್ರ 18 ಗ್ರೇನ್ ಆತು. 5 ಇಂಚಿನ ಮೂರು ಗರಿ 0.6 ಗ್ರಾಂ ಆಜೂಬಾಜು. ಉದ್ದ ಎರಡೂವರಿ ಪಟ್ಟು, ತೂಕ ಅರ್ಧ. ಹಿಂದಿನ ತೂಕ ಇಳದಷ್ಟು ಬಾಣದ ತೂಕ ಮುಂದಕ್ಕ ಸರೀತೈತಿ, ನೆಟ್ಟಗ ಹೋಗಾಕ ಅದೂ ಬೇಕು. ಬಾಣ 29 ಇಂಚು, ಬೆರಳ ಮ್ಯಾಲೆ ತೂಗಿದ್ರ ಹೆದೆ ಕಚ್ಚೋ ತುದಿಯಿಂದ 18 ಇಂಚಿಗೆ ನಿಂದರತೈತಿ. ಅರ್ಧ ಅಂದ್ರ ಹದಿನಾಕೂವರಿ, ಮೂರೂವರಿ ಇಂಚು ಮುಂದ, 29ಕ್ಕ ಭಾಗಿಸಿದ್ರ ನೂರಕ್ಕ 12. ಬ್ಯಾಟಿ ಬಾಣಕ್ಕ ಚಲೋ ಲೆಕ್ಕ ಅಂತ ತಮ್ಮನೂ ಅಂದ.

ಮಳಿ ಪರೀಕ್ಷೆನೂ ಮಾಡಿದೆ. ಧಾರವಾಡದ ಜಿಟಿಜಿಟಿ ಮಳಿ ಹಿಡದಿತ್ತು, ಬತ್ತಳಿಕೆ ಅಂಗಳದಾಗ ಅರ್ಧ ತಾಸು ಬಿಟ್ಟೆ. ಗರಿ ತೋಯ್ದ ಕೋಳಿಮರಿ ಗತೆ ಕಡ್ಡಿಗೆ ಅಂಟಿಕೊಂಡ್ವು, ಹೊಡದ್ರ ಬಾಣ ನಡಗಿಕೋತ ಹೋತು. ಇದು ಗರಿಯ ದೊಡ್ಡ ಕೊರತಿ, ಒಪ್ಪಬೇಕು. ಒಳಗ ತಂದು ಒರಸಿ, ಚಹಾ ಕಿಟ್ಲಿ ಬಾಯಿ ಮುಂದ ಉಗಿಗೆ ಹಿಡದು ತಿರಿವಿದೆ, ಒಂದು ನಿಮಿಷದಾಗ ಎಲ್ಲಾ ಎದ್ದ ನಿಂತು ಹೊಸಾ ಗರಿ ಆದ್ವು. ಪೆಟಗಿದಾಗ ಮಡಚಿ ಸೊಟ್ಟ ಆಗಿದ್ದ ಒಂದು ಗರಿನೂ ಅದ ಉಗಿಗೆ ನೆಟ್ಟಗಾತು. ನಮ್ಮವ್ವ ಬಾಗಲದಾಗ ನಿಂತು ನೋಡಿ, ಹಕ್ಕಿ ಮತ್ತ ಹಾರತೈತೇನೋ ಅಂದ್ಲು.

ಉಣಕಲ್ ಸಂಜಿಮುಂದ, ಹುಬ್ಬಳ್ಳಿ:

ಸರ್, ಮನಸ್ಸು ತುಂಬಿ ಬಂತು ಓದಿ. ಕಡ್ಡಿ ಬ್ಯಾರೆ ಮಾಡಿ ಗರಿ ಬ್ಯಾರೆ ಮಾಡಿ ನೋಡೀರಿ, ಹಿಂಗ ನೋಡೋರು ಕಮ್ಮಿ. ಶೆಲ್ಫ್ ಬಿಲ್ಲಿಗೆ ಗರಿ ಅನ್ನೋದನ್ನ ನಾ ಈಗ ಒಪ್ಪತೇನಿ, ನಾ ಟಾರ್ಗೆಟ್ ಕಣ್ಣಿಲೆ ನೋಡಾಕತ್ತಿದ್ದೆ. ಆದ್ರ ಒಂದು ಎಚ್ಚರ, 175 ಗ್ರೇನ್ ನಿಮ್ಮ 40 ಪೌಂಡಿಗೆ ಸರಿ ಆದದ್ದು. ತಮ್ಮನ 45 ಪೌಂಡಿಗೆ ಅದ ಮೊನೆ ಹಾಕಿದ್ರ ಕಡ್ಡಿ ಮೆತ್ತಗಾಗಬಹುದು. 125, 150, 175 ಮೂರೂ ಕೊಟ್ಟು ಕಳಸ್ರಿ, ಅವನ ಬಿಲ್ಲಿಲೆ ಅವನ ಬರೇ ಕಡ್ಡಿ ಹೊಡದು ಆರಿಸಿಕೊಳ್ಳಲಿ.

ನವಲಗುಂದದಾಂವ, ಈಗ ಮಿಶಿಗನ್:

ಸರ್ ಹೇಳಿದ್ದ ಸರಿ. ಮಳಿಗೆ ಇಲ್ಲಿ ಜಲನಿರೋಧಕ ಪೌಡರ್ ಸಿಗತೈತಿ, ಗರಿಗೆ ತಿಕ್ಕಿದ್ರ ಸಣ್ಣ ಮಳಿ ತಡಕೊಳ್ಳತೈತಿ. ಜೋರ ಮಳಿ ಬಂದ್ರ ಬತ್ತಳಿಕೆ ಮ್ಯಾಲೆ ಪ್ಲಾಸ್ಟಿಕ್ ಚೀಲ. ನಾ ಅಂತೂ ಜೋರ ಮಳಿಯಾಗ ಹೊಡಿಯೋದ ಇಲ್ಲ, ರಕ್ತದ ಗುರ್ತು ತೊಳದು ಹೋದ್ರ ಜಿಂಕಿ ಹುಡಕೋದು ಹೆಂಗ.

ಗರಿ ಸಪ್ಪಳದ ಬಗ್ಗೆ ಯಾರೂ ಹೇಳಲಿಲ್ಲ. ಎತ್ತರದ ಗರಿ ಹೋಗೂ ಮುಂದ ಸುಂಯ್ ಅಂತೈತಿ, ಜಿಂಕಿ ಕಿವಿ ಭಾಳ ಚುರುಕು, ಬಾಣ ಬರೂದ್ರೊಳಗ ಮೈ ಕುಗ್ಗಿಸಿ ನೆಗೀತೈತಿ. ಹಿಂದಿನ ತುದಿ ಚೂಪ ಕತ್ತರಿಸಿದ ಆಕಾರಕ್ಕಿಂತ ದುಂಡಗ ಇಳದು ಬರೋ ಪ್ಯಾರಾಬೋಲಿಕ್ ಕಟ್ ಮಾಡ್ರಿ, ಸಪ್ಪಳ ಕಮ್ಮಿ.

ಅಣ್ಣಾರ ಇನ್ನೊಂದು ಮುಖ್ಯ ಮಾತು, ಇದನ್ನ ಮೊದಲ ಹೇಳಬೇಕಿತ್ತು. ಗರಿ ಹಚ್ಚಿದ ಬಾಣ ಇಲ್ಲಿಗೆ ಒಯ್ಯೋದು ಸಸಾರ ಅಲ್ಲ. ಕೋಳಿ ಜ್ವರದ ಸಲುವಾಗಿ ಪಕ್ಷಿ ಗರಿಗೆ ನಿಯಮ ಅದಾವ, ವಿಮಾನ ಇಳದ ಮ್ಯಾಲೆ ಡಿಕ್ಲೇರ್ ಮಾಡಬೇಕು, ಅವರು ಬ್ಯಾಡ ಅಂದ್ರ ನಿಮ್ಮ 12 ಬಾಣ ಅಲ್ಲೇ ಹೋದ್ವು. ಗರಿ ಇಲ್ಲದ ಬರೇ ಕಡ್ಡಿ ಕಳಸ್ರಿ, ದೊಡ್ಡ ಬ್ಯಾಗಿನ್ಯಾಗ ಹಾಕಿ, ಕ್ಯಾಬಿನ್ನಿಗೆ ಬಿಡಂಗಿಲ್ಲ. ಗರಿ ಇಲ್ಲೇ ಹಚ್ಚಲಿ.

ಕೆಲಗೇರಿ ದಂಡಿ, ಧಾರವಾಡ:

ಇದು ನನ್ನ ತಲ್ಯಾಗ ಹೊಳದ ಇರಲಿಲ್ಲ. ಒಂದು ದಿನ ಬ್ಯಾಸರ ಆತು, ನನ್ನ ಕೈಲೆ ಪೂರಾ ಮಾಡಿ ಕೊಡಬೇಕು ಅಂತ ಆಸೆ ಇತ್ತು.

ತಮ್ಮ ಪಂಚಮಿಗೆ ಬಂದ. ಉಂಡಿ ತಿಂದು ಕಟ್ಟಿ ಮ್ಯಾಲೆ ಕುಂತ್ವಿ, ಎಲ್ಲಾ ಹೇಳಿದೆ. ಹಂಗಾರ ನನಗ ಕಲಿಸಣ್ಣಾ ಅಂದ. ನಾಕು ದಿನ ಸಂಜಿಮುಂದ ಇಬ್ಬರೂ ಕುಂತು ಹಳೇ ಕಡ್ಡಿಗೆ ಬಾತಿನ ಗರಿ ಹಚ್ಚಿದ್ವಿ. ಮೊದಲ ದಿನ ಅವ ತಿಕ್ಕಿದ ದಿಂಡು ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗ, ಮೂರು ಗರಿ ಕೆಟ್ವು. ನಾಕನೇ ದಿನ ಅವ ಹಚ್ಚಿದ ಬಾಣ ನಾ ಹೊಡದೆ, 15 ಮೀಟರಿಗೆ ನೆಟ್ಟಗ ನಡತು. ಮುಂದಿನ ತುದಿಗೆ ದಾರ ಸುತ್ತೋದು ನನಗಿಂತ ಚಲೋ ಸುತ್ತತಾನ ಈಗ. ಹಂಗ ಹಚ್ಚಿದ ಆರು ಬಾಣ ಇಲ್ಲೇ ಗ್ವಾಡಿಗೆ ಇಟ್ಟಾನ, 12 ಬರೇ ಕಡ್ಡಿ, ಮೂರು ತೂಕದ ಮೊನೆ ಕಟ್ಟಿ ಕೊಟ್ಟೇನಿ, ಗರಿ ಕೂಡೋ ಜಾಗಾ ಪೆನ್ಸಿಲ್ಲಿಲೆ ಗುರ್ತು ಹಾಕೇನಿ, ಹೆದೆ ಕಚ್ಚೋ ತುದಿಯಿಂದ ಒಂದು ಇಂಚು ಬಿಟ್ಟು. ನಿನ್ನಿ ರಾತ್ರಿ ವಿಮಾನ ಹತ್ತಿದ.

ನವಲಗುಂದದ ಅಣ್ಣಾರ, ಅವ ಕಲತದ್ದು ಎಡ ರೆಕ್ಕಿ ಗರಿ ಹಚ್ಚೋದು. ಅಲ್ಲಿ ಬಿಳೇ ಟರ್ಕಿ ಗರಿ ಎಡದವು 5 ಇಂಚಿನವು ಎಲ್ಲಿ ಸಿಗತಾವ ಒಂದೀಟು ಹೇಳತೀರೇನು?

ನವಲಗುಂದದಾಂವ, ಈಗ ಮಿಶಿಗನ್:

ಹುಡುಕೋದು ಬ್ಯಾಡ್ರಿ ಅಣ್ಣಾರ. ನನ್ನ ಕಡೆ ಬಿಳೇವು ಎಡ ರೆಕ್ಕಿವು 40 ಅದಾವ, ಗರಿ ಹಿಡದು ಅಂಟಿಸೋ ನನ್ನ ಜಿಗ್ಗಿನ ಕ್ಲ್ಯಾಂಪೂ ಎಡಸುತ್ತಿಂದ. ಅವನ ಊರು ಯಾವುದು ಅಂತ ನನಗೊಬ್ಬಗ ಮೆಸೇಜ್ ಹಾಕ್ರಿ, ಶನಿವಾರ ಕಡ್ಡಿ ಹಿಡಕೊಂಡು ನಮ್ಮನಿಗೆ ಬರಲಿ. ಬರೂ ಮುಂದ ಬಿಲ್ಲೂ ತರಾಕ ಹೇಳ್ರಿ, ಹಿತ್ತಲದಾಗ ಹಲಗಿ ಐತಿ, ಗರಿ ಹಚ್ಚೂ ಮೊದಲ ಬರೇ ಕಡ್ಡಿ ಹೊಡದು ನೋಡೂಣು.